ಕಡೆದದ್ದು

ಊರ ಹೆಸರು ರೇನ್‌ಬೋ.
ಕಾಮನಬಿಲ್ಲೆಂದು ಕರೆದವರು ಯಾವ ವರ್ಷ ಬಂದಿಳಿದರೋ,
ಮಳೆ ಇಲ್ಲಿ ನೆಂಟ; ಗೋಧಿ ಯಜಮಾನ.
ಕಣಜದ ತೂಕದ ಮನೆಯಲ್ಲಿ ಮೂವತ್ತೊಂದು ಸುಗ್ಗಿ
ಲಾರಿ ತೂಗಿ ನಿವೃತ್ತನಾದ ಹೆಡ್ಲಿ ಕ್ರೌಸ್
ಈಗ ತಗಡಿನ ಶೆಡ್ಡಿನಲ್ಲಿ
ಒಂದು ಬೇರಿನ ಜೊತೆ ಜಗಳಕ್ಕೆ ನಿಂತಿದ್ದಾನೆ.

ಬೇರೆಂದರೆ ಬರೀ ಬೇರಲ್ಲ,
ಮ್ಯಾಲಿ ಮರದ ನೆಲದಡಿಯ ಮಂಡೆ.
ಮೇಲೆ ಕಿಚ್ಚು ಬಿದ್ದು ಎಲ್ಲ ಕರಕಲಾದರೂ
ಕೆಳಗೆ ಸುಮ್ಮನಿದ್ದು
ಮತ್ತೆ ಆರೇಳು ಕಾಂಡ ಎಬ್ಬಿಸುವಂಥದ್ದು.
ಬೆಂಕಿಗೆ ಸೋತದ್ದಲ್ಲ ಇದು.
ಹೆಡ್ಲಿಯ ಅಜ್ಜ, ಹದಿನಾರು ಎತ್ತು,
ಹಳೇ ಬಾಯ್ಲರಿನ ಉರುಳೆಗೆ ಸೋತದ್ದು.
ನೆಲ ಚಪ್ಪಟೆಯಾಯಿತು, ಗೋಧಿ ಬಂತು,
ಕಿತ್ತ ಬೇರೆಲ್ಲ ಬೇಲಿಯಂಚಿಗೆ ರಾಶಿ ಬಿದ್ದು
ರೈಲು ಹತ್ತಿ ಮೆಲ್ಬರ್ನಿನ ಒಲೆಗಳಿಗೆ ಹೋಯಿತು.
ಟನ್ನಿಗಿಷ್ಟು.

ಒಂದು ಉಳಿಯಿತು. ಕಾರಣ ದೊಡ್ಡದೇನಲ್ಲ:
ಕೊಡಲಿ ಬಾಯಿ ಮುರಿದುಕೊಂಡಿತ್ತು.
ಕೋಳಿಗೂಡಿನ ಬಾಗಿಲಿಗೆ ತಡೆಯಾಗಿ ಕೂತದ್ದು
ಅರವತ್ತು ವರ್ಷ ಕೂತೇ ಇತ್ತು,
ಕೋಳಿಗಳು ಹೋದ ಮೇಲೂ.

ಕಡೆಯುವುದು: ಮಜ್ಜಿಗೆಗೂ ಇದೇ ಮಾತು, ಮರಕ್ಕೂ ಇದೇ.
ಅಲ್ಲಿ ಕಡಗೋಲು ತಿರುಗಿ ಗಡಿಗೆ ನಿಲ್ಲುತ್ತದೆ;
ಇಲ್ಲಿ ಗಡಿಗೆಯಾಗಬೇಕಾದ್ದೇ ತಿರುಗಬೇಕು, ಉಳಿ ನಿಲ್ಲಬೇಕು.
ಬೆಣ್ಣೆ ಏಳುವುದಿಲ್ಲ. ಕೆಂಪು ಧೂಳು ಏಳುತ್ತದೆ,
ಮೂಗಿಗೆ ಮೆಣಸು, ಹಲ್ಲಿಗೆ ಮರಳು.

ಮೊದಲ ದಿನ ಲೇತು ಕುಣಿದು
ಹಲಗೆ ಮೇಲಿನ ಬಣ್ಣದ ಡಬ್ಬಗಳನ್ನೆಲ್ಲ ಉರುಳಿಸಿತು.
ವೇಗ ತಗ್ಗಿಸಿದ. ಮತ್ತೂ ತಗ್ಗಿಸಿದ.
"ನನಗೇ ತೂಕ ಕಲಿಸುತ್ತೀಯಾ?" ಎಂದು ಬೇರಿಗೆ ಕೇಳಿದ.
ಎರಡು ಸುತ್ತಿಗೆ ಉಳಿ ಮೊಂಡ.
ಸಾಣೆ. ಎರಡು ಸುತ್ತು. ಸಾಣೆ.
ಆಮೇಲೆ ಟಕ್ಕೆಂದಿತು.
ಮರದ ಹೊಟ್ಟೆಯಲ್ಲಿ ಕಡಲೆಯಷ್ಟು ಕಲ್ಲು,
ಬೆಳೆಯುತ್ತ ಬೆಳೆಯುತ್ತ ತಬ್ಬಿ ನುಂಗಿಕೊಂಡದ್ದು.
ಅವನು ಬೈಯಲಿಲ್ಲ. ಇಕ್ಕಳದಲ್ಲಿ ಕಿತ್ತು
ಕಿಟಕಿಯ ಅಂಚಿಗಿಟ್ಟ.

ಕಲ್ಲಿದ್ದಲ್ಲಿ ತೂತು.
ತೂತಿನ ಬೆನ್ನಿಗೆ ಬಿರುಕು, ಬಿರುಕಿನಾಚೆ ಮಧ್ಯಾಹ್ನ.
ಪಕ್ಕದ ಹೊಲದ ರಾಯ್‌ಸ್ಟನ್ ನೋಡಿ ಹೇಳಿದ:
"ನೀಲಿ ರೆಸಿನ್ ಸುರಿ. ಹೊಳೆ ಹರಿದ ಹಾಗೆ ಕಾಣುತ್ತೆ,
ಪ್ರದರ್ಶನದಲ್ಲಿ ಕೇಳಿದಷ್ಟು ಕೊಡ್ತಾರೆ."
ಹೆಡ್ಲಿ ನೀಲಿ ಡಬ್ಬಿ ತಂದ. ಮುಚ್ಚಳ ತೆಗೆಯಲಿಲ್ಲ.
ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಗುರುವಾರ ಆಂಟಿ ಮರ್ಲ್ ಬಂದಳು,
ಅವಳ ಕುರ್ಚಿಯ ಕಾಲು ಅಲ್ಲಾಡುತ್ತಿತ್ತು.
ವೆರ್ಗಾಯ ಜನ; ಉರುಳೆಗಿಂತ ಮೊದಲು ಈ ನೆಲ ಅವರದು.
ಬಟ್ಟಲೆತ್ತಿ, ತೂತಿನಲ್ಲಿ ಕಿರುಬೆರಳು ತೂರಿಸಿ ನಕ್ಕಳು.
"ನನ್ನಜ್ಜಿಯ ಕಾಲಕ್ಕೆ ಇದರ ಬೇರೇ ಬಾವಿ.
ಉದ್ದನೆಯದು ಎಳೆದು, ತುಂಡು ಮಾಡಿ,
ನೆಟ್ಟಗೆ ನಿಲ್ಲಿಸಿದರೆ ಹನಿ ಹನಿ, ತಣ್ಣಗೆ.
ನಿಮ್ಮವರು ಬಾಯಾರಿ ಸಾಯುತ್ತ
ಅದನ್ನೇ ಕಿತ್ತು ಸುಟ್ಟರು."
ಸಿಟ್ಟಿನಲ್ಲಿ ಹೇಳಲಿಲ್ಲ.
ಕುರ್ಚಿಗೆ ಎಷ್ಟಾಯಿತು ಎಂದು ಕೇಳಿದ ದನಿಯಲ್ಲೇ ಹೇಳಿದಳು.

ಮೂವತ್ತೊಂದು ಸುಗ್ಗಿ ತೂಗಿದವನಿಗೆ
ಇದನ್ನು ಎಲ್ಲಿ ಇಳಿಸುವುದೆಂದು ತಿಳಿಯಲಿಲ್ಲ.
ಕುರ್ಚಿಗೆ ಕಾಸು ಬೇಡವೆಂದ.
ಅವಳು ಕೊಟ್ಟೇ ಹೋದಳು.

ಜೇನುಮೇಣ ತಿಕ್ಕಿದ. ಸಂಜೆಯ ಹೊತ್ತಿಗೆ
ಮರದ ಸುಳಿಗಳೆಲ್ಲ ಒಂದೊಂದಾಗಿ ಕಣ್ಣು ಬಿಟ್ಟವು,
ಕೆಂಡದ ಬಣ್ಣ, ಬೆಲ್ಲದ ಬಣ್ಣ,
ಹೆಸರಿಲ್ಲದ ಇನ್ನೊಂದು.
ಯಾರೂ ಇಲ್ಲದ್ದು ನೋಡಿಕೊಂಡು
ಅಂಗಳದ ನಲ್ಲಿಯ ಕೆಳಗೆ ಹಿಡಿದ.
ತುಂಬಿದಷ್ಟೇ ಸದ್ದಿಲ್ಲದೆ
ತೂತಿನಿಂದ ಹನಿ ಹನಿ
ಬೂಟಿನ ಮೇಲೆ, ಬೂಟಿನ ಪಕ್ಕದ ನೆಲದ ಮೇಲೆ.
ನೆಲ ಕುಡಿಯುತ್ತಿತ್ತು. ಅವನು ನಲ್ಲಿ ನಿಲ್ಲಿಸಲಿಲ್ಲ,
ಟ್ಯಾಂಕು ಅರ್ಧಕ್ಕಿಂತ ಕೆಳಗಿದ್ದದ್ದು ಗೊತ್ತಿದ್ದೂ.

ಪ್ರದರ್ಶನದ ಚೀಟಿಯಲ್ಲಿ
'ಉಪಯೋಗ' ಎಂಬಲ್ಲಿ 'ಅಲಂಕಾರ' ಎಂದು ಬರೆದ.
ಪೆನ್ನು ಕಚ್ಚುತ್ತ ಕೂತ.
ಅದನ್ನು ಹೊಡೆದು ಹಾಕಿ,
ಲಾರಿ ಚೀಟಿ ಬರೆಯುತ್ತಿದ್ದ ಅದೇ ದಪ್ಪಕ್ಷರದಲ್ಲಿ:
ಸೋರುತ್ತದೆ.